ತಲೆಕೆಳಗಾದ ಮೊಳೆಗಳು

"ಮೊಳೆ ಇಲ್ಲ ಅಂದ್ರೆ ಏನ್ರೀ ಅರ್ಥ? ನನ್ನ ಹಲ್ಲು ಕಿತ್ತು ಕೊಡ್ಲಾ, ಜೋಡಿಸ್ಕೊಳ್ತೀರಾ?"

ಕಾದಂಬರಿಕಾರ ಮೇಜಿಗೆ ಕೈ ಬಡಿದ ರಭಸಕ್ಕೆ ಇನ್ಸ್‌ಪೆಕ್ಟರಮ್ಮನ ಲೋಟದಿಂದ ಟೀ ತುಳುಕಿತು. ಅವನೇ ಗಡಿಬಿಡಿಯಿಂದ ಕರವಸ್ತ್ರ ತೆಗೆದು ಒರೆಸಿದ. ಒರೆಸಿ ಮುಗಿದ ಮೇಲೆ ಕೂಗಾಟವನ್ನು ಬಿಟ್ಟಲ್ಲಿಂದ ಮುಂದುವರಿಸಿದ.

"ಕವನ ಸಂಕಲನ ಮೊದಲು ಅಂದ್ರಿ, ಹೂಂ ಅಂದೆ. ಆಮೇಲೆ ದಾದಿಯಮ್ಮನ ಆತ್ಮಕಥೆ ಅಂದ್ರಿ, ಅದಕ್ಕೂ ಹೂಂ ಅಂದೆ. ಕಾದಂಬರಿ ಬರೆದೋನು ಮನುಷ್ಯ ಅಲ್ವಾ?"

"ನಾನು ಇಲ್ಲಿ ಪುಸ್ತಕ ಮಾಡೋಳಲ್ಲ ಸ್ವಾಮಿ. ಪುಸ್ತಕ ಸುಟ್ಟೋರನ್ನ ಹುಡುಕೋಳು."

ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು. ಮೊನ್ನೆ ಮಧ್ಯಾಹ್ನ ಈ ಪ್ರಕಾಶನದ ಹಿಂದಿನ ಮೆಟ್ಟಿಲ ಬುಡದಲ್ಲಿ ಮುದಿ ದಾದಿ ತಲೆ ಒಡೆದು ಬಿದ್ದಿದ್ದರು. ಅದೇ ಸಂಜೆ ಅವರ ಆತ್ಮಕಥೆಯ ಐದನೆಯ ಫಾರಂನ ಅಚ್ಚಾದ ಹಾಳೆಗಳು ಇಡಿಯಾಗಿ ಹಿತ್ತಲಿನ ತಗಡಿನ ಡಬ್ಬದಲ್ಲಿ ಬೂದಿಯಾಗಿದ್ದವು. ದಾದಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಅಚ್ಚಿನ ಮೊಳೆ ಜೋಡಿಸುವ ಮುದುಕ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ, ಅಲ್ಲಿಂದ ನೇರ ಜೈಲು. ಉಬ್ಬಸದ ಆ ಜೀವ ಜೈಲಿನ ತಣ್ಣನೆಯ ನೆಲದಲ್ಲಿ ಎಷ್ಟು ದಿನ ಉಸಿರಾಡೀತು?

ಅವನನ್ನು ಎಲ್ಲರೂ ಮೊಳೆ ಮಾಮ ಎನ್ನುತ್ತಿದ್ದರು. ಪೊಲೀಸರ ಲೆಕ್ಕ ಸುಲಭವಾಗಿತ್ತು. ದಾದಿಯನ್ನು ಮೊದಲು ನೋಡಿದವನು ಅವನು. ಕೀಲಿಕೈ ಇದ್ದವನು ಅವನು. ಐದನೆಯ ಫಾರಂನಲ್ಲಿ ಇದ್ದದ್ದು ಊರಿನ ದೊಡ್ಡ ಡಾಕ್ಟರ ಬಣ್ಣ ಬಯಲು ಮಾಡುವ ಅಧ್ಯಾಯ. ಮಾಮನ ಅಳಿಯ ಆ ಡಾಕ್ಟರ ಕಾರು ಓಡಿಸುವವನು. ಎಲ್ಲಕ್ಕಿಂತ ಹೆಚ್ಚಾಗಿ, ಹಿಡಿದ ಗಳಿಗೆಯಿಂದ ಮಾಮ ತುಟಿ ಎರಡು ಮಾಡಿರಲಿಲ್ಲ.

ಅವನೊಬ್ಬನೇ ಅಲ್ಲ. ಈ ಮನೆಯಲ್ಲಿ ಯಾರನ್ನು ಕೇಳಿದರೂ ಅವಳಿಗೆ ಟೀ ಸಿಗುತ್ತಿತ್ತು, ಬೆನ್ನಿಗೊಂದು ದಿಂಬು ಸಿಗುತ್ತಿತ್ತು, ಉತ್ತರ ಮಾತ್ರ ಸಿಗುತ್ತಿರಲಿಲ್ಲ. ನಿವೃತ್ತಿಗೆ ಮೊದಲು ಪೊಲೀಸ್ ಇಲಾಖೆಯಲ್ಲಿದ್ದಾಗ ಕಳ್ಳರ ಬಾಯಿ ಬಿಡಿಸಿದ್ದಳು, ಪುಂಡರ ಬಾಯಿ ಬಿಡಿಸಿದ್ದಳು. ಒಳ್ಳೆಯವರ ಬಾಯಿ ಬಿಡಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

"ಮೊಳೆ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?" ಅವಳು ಸುಮ್ಮನೆ ಮಾತು ಸಾಗಿಸಲು ಕೇಳಿದಳು.

"ಬೇರೆ ಪ್ರೆಸ್‌ನಿಂದ ಒಬ್ಬನ್ನ ಕಾಡಿ ಬೇಡಿ ಕರ್ಕೊಂಡು ಬಂದಿದ್ದೆ, ನನ್ನ ಅಧ್ಯಾಯ ಜೋಡಿಸೋಕೆ. ಅರ್ಧ ಪುಟಕ್ಕೇ ಕೈಯೆತ್ತಿಬಿಟ್ಟ. ಮೊಳೆ ಕೇಸಿನ ತಳ ಕಾಣ್ತಿದೆ ಸಾರ್, ಇಷ್ಟರಲ್ಲಿ ಮದುವೆ ಕಾಗದ ಕೂಡ ಆಗಲ್ಲ ಅಂದ."

ಇನ್ಸ್‌ಪೆಕ್ಟರಮ್ಮ ಲೋಟ ಕೆಳಗಿಟ್ಟಳು.

ಮುಂದಿನ ಹಜಾರದಲ್ಲಿ ಇಳಿಜಾರು ಕಟ್ಟೆಗಳ ಮೇಲೆ ಮರದ ಕೇಸುಗಳು ಸಾಲಾಗಿದ್ದವು. ಒಂದೊಂದರಲ್ಲೂ ಪುಟ್ಟ ಪುಟ್ಟ ಗೂಡು, ಒಂದೊಂದು ಗೂಡಿಗೂ ಒಂದೊಂದು ಅಕ್ಷರದ ಸೀಸದ ಮೊಳೆ. ಎದ್ದು ಹೋಗಿ ಬೆರಳಾಡಿಸಿದಳು. ಗೂಡುಗಳಲ್ಲಿ ನಾಲ್ಕಾರು ಮೊಳೆ ಉರುಳಾಡಿದವು, ಅಷ್ಟೆ. ಬೆರಳಿಗೆ ಮರದ ಧೂಳು ಹತ್ತಿತು.

ಈ ಎರಡು ದಿನಗಳಲ್ಲಿ ಎಲ್ಲರೂ ಅವಳಿಗೆ ಒಂದೇ ಪಾಠ ಒಪ್ಪಿಸಿದ್ದರು. ಇಲ್ಲಿ ಮೊಳೆ ಕಡಿಮೆ. ಒಂದು ಫಾರಂ, ಅಂದರೆ ಹದಿನಾರು ಪುಟದ ಒಂದು ದೊಡ್ಡ ಹಾಳೆ, ಅಚ್ಚಾದ ಕೂಡಲೇ ಜೋಡಿಸಿದ್ದನ್ನೆಲ್ಲ ಬಿಚ್ಚಿ ಮೊಳೆಗಳನ್ನು ಅವುಗಳ ಗೂಡಿಗೆ ಹಾಕಬೇಕು. ಆಮೇಲೆಯೇ ಮುಂದಿನ ಫಾರಂ. ಆದ್ದರಿಂದ ಸುಟ್ಟದ್ದು ಸುಟ್ಟಂತೆಯೇ, ಮತ್ತೆ ಅಚ್ಚು ಹಾಕುವಂತಿಲ್ಲ. ಆ ಭಾಗದ ಹಸ್ತಪ್ರತಿಯೂ ಕರಡೂ ಕಾಣೆಯಾಗಿದ್ದವು.

ಬಿಚ್ಚಿದ್ದರೆ ಗೂಡುಗಳು ತುಂಬಿರಬೇಕಿತ್ತು.

"ಅತ್ತಿಗೇ!"

ಒಳಕೋಣೆಯಿಂದ ಅತ್ತಿಗೆ ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಮಾಮನ ಸ್ವೆಟರು, ಉಬ್ಬಸದ ಔಷಧಿ, ಊಟದ ಡಬ್ಬಿ. ಇನ್ಸ್‌ಪೆಕ್ಟರಮ್ಮನ ಅಣ್ಣ ಈ ಪ್ರಕಾಶನ ಶುರುಮಾಡಿ, ಸಾಲುಸಾಲು ಕವನ ಸಂಕಲನಗಳನ್ನು ಬಿಟ್ಟು ತೀರಿಹೋದ ಮೇಲೆ ಅದನ್ನು ನಿಲ್ಲಿಸದೆ ನಡೆಸಿಕೊಂಡು ಬಂದವರು ಇವರೇ.

"ಐದನೇ ಫಾರಂ ಅಚ್ಚಾಯ್ತು ಅಂತ ಹೇಳಿದ್ದು ಯಾರು?"

"ಮಾಮನೇ. ಹಾಳೆ ಕಟ್ಟು ಮೇಜಿನ ಮೇಲಿತ್ತಲ್ಲ ಪುಟ್ಟಿ."

"ಎರಡೂ ಮಗ್ಗುಲು ಅಚ್ಚಾಗಿತ್ತಾ? ತಿರುಗಿಸಿ ನೋಡಿದ್ರಾ?"

"ಅವನು ಆಯ್ತು ಅಂದ ಮೇಲೆ ತಿರುಗಿಸಿ ನೋಡೋದು ಹೇಗೆ? ಬೇಜಾರು ಮಾಡ್ಕೊಳಲ್ವಾ?"

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ದೊಡ್ಡ ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟ. ಎಲ್ಲ ಪ್ರತಿಗಳಿಗೂ ಮೊದಲು ಒಂದು ಮಗ್ಗುಲು ಹಾಕಿ, ಒಣಗಿಸಿ, ಆಮೇಲೆ ಇನ್ನೊಂದು ಮಗ್ಗುಲು ಹಾಕುತ್ತಾರೆ. ಅರ್ಧ ಮುಗಿದ ಕಟ್ಟನ್ನು ಮೇಲಿನಿಂದ ನೋಡಿದರೆ ಪೂರ್ತಿ ಮುಗಿದಂತೆಯೇ ಕಾಣುತ್ತದೆ.

ಅವಳು ಯಂತ್ರದ ಕೋಣೆಗೆ ನಡೆದಳು. ಬಾಗಿಲಿಗೆ ಪೊಲೀಸರು ಅಂಟಿಸಿದ್ದ ಕಾಗದದ ಪಟ್ಟಿಯನ್ನು ಇವತ್ತು ಬೆಳಿಗ್ಗೆಯಷ್ಟೇ ಕಿತ್ತಿದ್ದರು. ಯಂತ್ರದ ಮೇಲೆ ಹಳೆಯ ಹೊದಿಕೆಯೊಂದು, ಮಲಗಿದ ಮಗುವಿಗೆ ಹೊದಿಸಿದಂತೆ, ನಾಲ್ಕೂ ಮೂಲೆ ಸಿಕ್ಕಿಸಿಕೊಂಡು ಕೂತಿತ್ತು. ಧೂಳು ಬೀಳಬಾರದೆಂದು ಅತ್ತಿಗೆ ಹೊದಿಸುತ್ತಿದ್ದದ್ದು. ಪೊಲೀಸರು ಅದನ್ನು ಎತ್ತಿಯೂ ನೋಡಿರಲಿಲ್ಲ.

ಎಳೆದಳು.

ಕಬ್ಬಿಣದ ಚೌಕಟ್ಟಿನೊಳಗೆ ಎಂಟು ಪುಟಗಳ ಮೊಳೆ ಬಿಗಿಯಾಗಿ ಕೂತಿತ್ತು. ಬಿಚ್ಚಿರಲಿಲ್ಲ. ಒಂದು ಹಾಳೆಗೂ ತಾಗಿರಲಿಲ್ಲ.

"ನನ್ನ ಮೊಳೆ!" ಹಿಂದಿನಿಂದ ಕಾದಂಬರಿಕಾರ ಉದ್ಗರಿಸಿದ.

"ಯಾವ ಮಗ್ಗುಲು?" ಅತ್ತಿಗೆ ಕೇಳಿದರು.

ಅತ್ತಿಗೆಯ ಧ್ವನಿ ಕೀರಲಾಗಿತ್ತು. ಅವರೇ ಬಗ್ಗಿ, ತಿರುಗುಮುರುಗಾಗಿದ್ದ ಪುಟಸಂಖ್ಯೆಗಳ ಮೇಲೆ ಬೆರಳಾಡಿಸಿದರು. "ಎರಡನೇ ಮಗ್ಗುಲು," ಎಂದು ಉಸಿರು ಬಿಟ್ಟರು. "ಮಾಮ ಯಾಕೆ ನನ್ನ ಹತ್ರ ಸುಳ್ಳು ಹೇಳಿದ?"

"ಅದನ್ನೇ ನಾನೂ ಕೇಳ್ತಿರೋದು. ಎಲ್ಲರೂ ಯಾಕೆ ಸುಳ್ಳು ಹೇಳ್ತಿದ್ದೀರಿ?" ಅವಳ ದನಿ ಏರಿತು. "ಸಾರ್, ನೀವು ಹೊರಡಿ. ಇದು ನಿಮ್ಮ ಮೊಳೆ ಅಲ್ಲ, ಸಾಕ್ಷಿ."

ಕಾದಂಬರಿಕಾರ ಮುಖ ಊದಿಸಿಕೊಂಡು ಬಾಗಿಲವರೆಗೆ ಹೋದ. ಅಲ್ಲಿ ನಿಂತು ಚಪ್ಪಲಿ ಹುಡುಕುವ ನೆಪದಲ್ಲಿ ಗೊಣಗಿದ. "ಮಾಮನಿಗೆ ಹೇಳಿ. ನನ್ನ ಕಾದಂಬರಿಗೇನೂ ಅವಸರ ಇಲ್ಲ ಅಂತ. ಅವನೇ ಬಂದು ಜೋಡಿಸ್ಲಿ."

ಅವನು ಹೋದ ಮೇಲೆ ಅವಳು ಯಂತ್ರದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಎಲ್ಲೂ ಒಂದು ಗೀರಿಲ್ಲ. ದೊಡ್ಡ ಡಾಕ್ಟರು ಕಳಿಸಿದ ಆಳಾಗಿದ್ದರೆ ಮೊದಲು ಈ ಯಂತ್ರಕ್ಕೆ ಸುತ್ತಿಗೆ ಬೀಳುತ್ತಿತ್ತು. ಹೊರಗಿನವನಿಗೆ ಅಚ್ಚು ಎಂದರೆ ಯಂತ್ರ. ಅಚ್ಚಾಯಿತು ಎಂದ ಮೇಲೆ ಮೊಳೆ ಬಿಚ್ಚಿಯೇ ಬಿಚ್ಚಿರುತ್ತಾರೆ, ಯಂತ್ರದ ಮೇಲೆ ಏನೂ ಇರುವುದಿಲ್ಲ ಎಂಬ ನಂಬಿಕೆ ಈ ಮನೆಯವರಿಗೆ ಮಾತ್ರ ಇರಲು ಸಾಧ್ಯ. ಸುಟ್ಟವರು ಆ ನಂಬಿಕೆಯಿಂದಲೇ ಹೊದಿಕೆ ಎತ್ತದೆ ಹೋಗಿದ್ದರು.

ಒಳಗಿನವರು. ಮಾಮ ಅಲ್ಲ, ಎರಡನೆಯ ಮಗ್ಗುಲು ಅಚ್ಚಾಗಿಲ್ಲವೆಂದು ಮಾಮನಿಗೆ ಗೊತ್ತಿತ್ತು.

"ಇದರ ಕರಡು ತೆಗೆಯೋಕೆ ಬರುತ್ತಾ ನಿಮಗೆ?"

"ಬರದೆ ಏನು," ಎಂದರು ಅತ್ತಿಗೆ. ಗಡಿಯಾರ ನೋಡಿ, ತೋಳು ಮಡಿಸಿ, ರೋಲರಿಗೆ ಶಾಯಿ ಹಚ್ಚಿ ಮೊಳೆಗಳ ಮೇಲೆ ಉರುಳಿಸಿದರು. ಒದ್ದೆ ಮಾಡಿದ ಹಾಳೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಒಂದು ತುದಿಯಿಂದ ಎತ್ತಿದರು. ಕಪ್ಪು ಅಕ್ಷರಗಳು ನೆಟ್ಟಗೆ ಎದ್ದು ಬಂದವು. ನಡುವೆ ಎರಡು ಕಡೆ ಅಕ್ಷರವಿಲ್ಲದೆ ಕಪ್ಪು ಚೌಕಗಳು.

"ಇದೇನು?"

"ಒಂದೊಂದ್ಸಲ ಒಂದು ಅಕ್ಷರ ಮುಗಿದುಹೋಗಿರುತ್ತೆ. ಆಗ ಮಾಮ ಕೈಗೆ ಸಿಕ್ಕಿದ ಮೊಳೆ ತಲೆಕೆಳಗೆ ಮಾಡಿ ಇಡ್ತಾನೆ, ಜಾಗ ಹಿಡಿಯೋಕೆ. ಅದರ ಬುಡ ಹೀಗೆ ಕಪ್ಪಾಗಿ ಬೀಳುತ್ತೆ. ಸಿಕ್ಕಾಗ ಬದಲಾಯಿಸ್ತಾನೆ."

"ಇದರಲ್ಲಿ ಏನಿದೆ ಅಂತ ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?"

"ಎಷ್ಟು ಸಲ ಹೇಳ್ಲಿ? ಮೂಲ ಹಸ್ತಪ್ರತಿ ಓದಿದ್ದೆ. ಆಮೇಲೆ ದಾದಿ ಬಂದು ಏನೇನೋ ಸೇರಿಸಿದ್ರು. ವಯಸ್ಸಾದೋರು, ಬೇಡ ಅನ್ನೋಕೆ ನಾಲಿಗೆ ಬರಲಿಲ್ಲ. ಆ ಕರಡು ನಾನು ಕಣ್ಣಲ್ಲೂ ನೋಡಿಲ್ಲ. ಎಲ್ಲ ನೋಡಿದ್ದು ಕರಡು ತಿದ್ದೋ ಮೇಷ್ಟ್ರು." ಅತ್ತಿಗೆ ಕರಡನ್ನು ದಾರಕ್ಕೆ ಸಿಕ್ಕಿಸಿದರು. "ನಾನು ಹೊರಟೆ. ತಡ ಆದ್ರೆ ಮಾಮನ್ನ ನೋಡೋಕೆ ಬಿಡಲ್ಲ. ಮೇಷ್ಟ್ರು ಮಲಗೋಕೆ ಬರ್ತಾರೆ, ಅವರನ್ನೇ ಕೇಳು."

"ಎಲ್ಲಿಗೆ ಬರ್ತಾರೆ?"

"ಇಲ್ಲಿಗೇ. ಮನೆ ತುಂಬ ಮೊಮ್ಮಕ್ಕಳು, ಪಾಪ, ಕಣ್ಣು ಮುಚ್ಚೋಕೆ ಬಿಡಲ್ವಂತೆ. ಅದಕ್ಕೇ ಒಂದು ಕೀಲಿಕೈ ಕೊಟ್ಟಿದ್ದೀನಿ. ಮೇಲಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಒರಗ್ತಾರೆ."

"ಅತ್ತಿಗೆ! ಕೀಲಿಕೈ ಮಾಮನ ಹತ್ರ ಮತ್ತೆ ನಿಮ್ಮ ಹತ್ರ ಮಾತ್ರ ಇದೆ ಅಂತ ಪೊಲೀಸರಿಗೆ ಹೇಳಿದ್ದೀರಿ!"

"ಅದು ನಿದ್ದೆ ಮಾಡೋಕೆ ಕೊಟ್ಟಿದ್ದು ಕಣೆ. ಕೀಲಿಕೈ ಅಂತ ಲೆಕ್ಕಕ್ಕೆ ಹಿಡಿಯೋಕಾಗುತ್ತಾ?"

ಅತ್ತಿಗೆ ಹೊರಟೇಹೋದರು. ಇನ್ಸ್‌ಪೆಕ್ಟರಮ್ಮ ಖಾಲಿ ಕೋಣೆಗೆ ಎರಡೂ ಕೈ ಚಾಚಿ ತೋರಿಸಿ, ನೋಡಿದೆಯಾ ಎನ್ನುವಂತೆ ತಲೆಯಾಡಿಸಿದಳು.

ಆಮೇಲೆ ಓದಲು ನಿಂತಳು.

ಎರಡು ಪುಟ ಇದ್ದರೆ ಮುಂದಿನ ಎರಡು ಇಲ್ಲ. ಮತ್ತೆ ಎರಡಿದೆ, ಮತ್ತೆ ಎರಡಿಲ್ಲ. ಇಲ್ಲದವೆಲ್ಲ ಸುಟ್ಟುಹೋದ ಮೊದಲ ಮಗ್ಗುಲಿನವು. ಕಿಟಕಿಯ ಬಾಗಿಲು ಗಾಳಿಗೆ ತೆರೆದು ಮುಚ್ಚಿ ಆಡುವಾಗ ಎದುರುಮನೆಯ ಜಗಳ ಕೇಳಿಸಿಕೊಂಡ ಹಾಗಿತ್ತು.

"...ಆ ಔಷಧಿ ಅಲ್ಲವೆಂದು ನಾನು ಹೇಳಿದೆ. ದೊಡ್ಡ ಡಾಕ್ಟರು ನನ್ನ ಮುಖ ನೋಡಲಿಲ್ಲ. ಹೆತ್ತ ಮಗುವನ್ನು ಇನ್ನೂ ಎತ್ತಿಕೊಂಡಿರದ ಆ ಹುಡುಗಿ ನನ್ನ ಕೈ ಹಿಡಿದುಕೊಂಡೇ ಹೋದಳು..."

ಇದು ಎಲ್ಲರಿಗೂ ಗೊತ್ತಿದ್ದ ಭಾಗ. ಮುಂದಿನ ಪುಟಗಳು ಇಲ್ಲ. ಅವಳು ಬೆರಳನ್ನು ಕೆಳಗಿಳಿಸಿದಳು.

"...ಠಾಣೆಯ ಬೆಂಚಿನ ಮೇಲೆ ಕೂತೆ. ಕಾಲು ನಡುಗುತ್ತಿತ್ತು. ಇನ್ಸ್‌ಪೆಕ್ಟರ್ ■■■■ ನನ್ನನ್ನು ಒಳಗೆ ಕರೆದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅಷ್ಟು ಮರ್ಯಾದೆಯಿಂದ ನನ್ನನ್ನು ಅಲ್ಲಿಯವರೆಗೆ ಯಾರೂ ಮಾತಾಡಿಸಿರಲಿಲ್ಲ. ಎಲ್ಲ ಕೇಳಿಸಿಕೊಂಡು, ನಾಳೆ ಬನ್ನಿ, ಬರೆದುಕೊಳ್ಳೋಣ ಎಂದರು. ಮರುದಿನ ಹೋದಾಗ ಪ್ರಕರಣ ಮುಗಿದುಹೋಗಿತ್ತು. ಕೆಳಗೆ ಅದೇ ■■■■ ರುಜು. ಸುಳ್ಳು ಹೇಳುವವರು ಗದರಿಸುತ್ತಾರೆ ಎಂದುಕೊಂಡಿದ್ದೆ. ನೀರು ಕೊಟ್ಟು ಸುಳ್ಳು ಹೇಳಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ಮರ್ಯಾದೆಯ ಹಿಂದೆ ಯಾರಿದ್ದರು ಎಂಬುದು ನನಗೆ ತಿಳಿದದ್ದು ಹೀಗೆ:"

ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನದು ಬೂದಿ.

"ಥೂ!" ಅವಳು ಗಟ್ಟಿಯಾಗಿಯೇ ಬೈದಳು.

ಡಾಕ್ಟರನ್ನು ಉಳಿಸಿದ ಪೊಲೀಸ್ ಅಧಿಕಾರಿಯೊಬ್ಬರಿದ್ದರು. ಹಾಗಾದರೆ ಈ ಪುಸ್ತಕಕ್ಕೆ ಹೆದರಬೇಕಾದವರು ಡಾಕ್ಟರೊಬ್ಬರೇ ಅಲ್ಲ. ಆ ಹೆಸರು ಸಿಕ್ಕರೆ ನಾಳೆ ಬೆಳಿಗ್ಗೆಯೊಳಗೆ ಮಾಮನನ್ನು ಬಿಡಿಸಬಹುದು. ಹೆಸರಿನ ಜಾಗದಲ್ಲಿ ಮಾತ್ರ ಕಪ್ಪು ಚೌಕ.

ಅಕ್ಷರ ಮುಗಿದಿತ್ತಂತೆ! ಒಂದು ಅಕ್ಷರ ಮುಗಿಯಬಹುದು. ಹೆಸರಿಗೆ ಹೆಸರೇ ಮುಗಿಯುತ್ತದೆಯೇ? ಅದೂ ಎರಡೂ ಕಡೆ, ಇನ್ನೆಲ್ಲೂ ಇಲ್ಲದೆ? ಮಾಮ ಬೇರೆ ಮೊಳೆ ಇಟ್ಟಿರಲಿಕ್ಕಿಲ್ಲ. ಇದ್ದ ಮೊಳೆಗಳನ್ನೇ ಮುಖ ಕೆಳಗಾಗಿ ಮಲಗಿಸಿದ್ದಾನೆ.

ಚೌಕಟ್ಟಿನ ಪಕ್ಕದಲ್ಲೇ ಬಿಗಿ ಸಡಿಲಿಸುವ ಕೀಲಿಯೂ ಚಿಮಟವೂ ಇದ್ದವು. ಅವಳು ಕೀಲಿ ತಿರುಗಿಸಿದಳು. ಮೊಳೆಗಳು ಉಸಿರು ಬಿಟ್ಟಂತೆ ಸಡಿಲವಾದವು.

ಹಿಂಬಾಗಿಲ ಬೀಗದಲ್ಲಿ ಕೀಲಿಕೈ ತಿರುಗಿದ ಸದ್ದಾಯಿತು.

ಒಳಗೆ ಬಂದವರು ಮೇಷ್ಟ್ರು. ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಮೇಲೆ ಇಲ್ಲಿ ಕರಡು ತಿದ್ದುತ್ತಿದ್ದವರು. ತೆಳ್ಳಗಿನ ಮೈ, ಕಂಕುಳಲ್ಲಿ ಮಡಿಸಿದ ಟವೆಲ್ಲು. ದಾರದ ಮೇಲಿನ ಕರಡನ್ನು ಕಂಡವರೇ ನಿಂತಲ್ಲೇ ನಿಂತರು. ಟವೆಲ್ಲು ಜಾರಿ ನೆಲಕ್ಕೆ ಬಿತ್ತು.

"ಬನ್ನಿ ಮೇಷ್ಟ್ರೇ. ನಿದ್ದೆ ಆಮೇಲೆ ಮಾಡೋರಂತೆ."

"ಅದು... ಅದು ಬಿಚ್ಚಿರಲಿಲ್ವಾ?"

"ಇಲ್ಲ. ಹಾಳೆ ಸುಟ್ಟೋರು ನೀವೇ ಅಲ್ವಾ?"

ಅವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದರು. ಇಲ್ಲ ಎನ್ನಲಿಲ್ಲ. ಅವಳಿಗೆ ಗೆದ್ದ ಸಂತೋಷ ಬರಬೇಕಿತ್ತು, ಬಂದದ್ದು ಸಿಟ್ಟು.

"ಮಾಮ ಲಾಕಪ್ಪಿನಲ್ಲಿ ಉಸಿರಿಗೆ ಒದ್ದಾಡ್ತಿದ್ದಾನೆ. ನೀವು ದಿನಾ ಇಲ್ಲಿ ಬಂದು ನನಗೆ ದಿಂಬು ಸರಿಮಾಡಿ ಕೊಡ್ತಿದ್ದೀರಿ. ಹೇಗ್ ಮನಸ್ಸು ಬಂತು ಮೇಷ್ಟ್ರೇ?"

"ಬಿಡಿ ಅಮ್ಮ. ಅದನ್ನ ಹಾಗೇ ಬಿಟ್ಟುಬಿಡಿ."

"ಈ ಹೆಸರು ಯಾರದು?"

"ನಿಮಗ್ಯಾಕೆ ಅದು?"

"ನನಗ್ಯಾಕಾ?" ಅವಳು ಚಿಮಟ ಎತ್ತಿಕೊಂಡಳು. "ಸರಿ. ನಾನೇ ನೋಡ್ಕೊಳ್ತೀನಿ."

"ಬೇಡ! ಎತ್ತಬೇಡಿ ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ." ಮೇಷ್ಟ್ರು ಎದ್ದು ಬಂದು ಅವಳ ಮಣಿಕಟ್ಟು ಹಿಡಿದರು. ಹಿಡಿತದಲ್ಲಿ ಬಲವಿರಲಿಲ್ಲ. ಜ್ವರದ ಮಗುವಿನ ಕೈ ಹಿಡಿದಂತಿತ್ತು. "ನಾವು ಯಾರೂ ಏನೂ ಕೇಳಿಲ್ಲ. ಕೇಳೋದೂ ಇಲ್ಲ."

ಅವಳು ಕೈ ಬಿಡಿಸಿಕೊಂಡಳು. ಮೊದಲ ಮೊಳೆಯನ್ನು ಎತ್ತಿ, ಮುಖ ಮೇಲೆ ಮಾಡಿ, ಅಂಗೈಯಲ್ಲಿಟ್ಟುಕೊಂಡಳು. ಎರಡನೆಯದು. ಮೂರನೆಯದು. ಸೀಸದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು. ಕೊನೆಯದನ್ನು ಜೋಡಿಸುವ ಮೊದಲೇ ಅವಳು ಓದಿಬಿಟ್ಟಿದ್ದಳು.

ಆ ಹೆಸರನ್ನು ಅವಳು ಇಲಾಖೆಯಲ್ಲಿದ್ದಷ್ಟು ಕಾಲ ಎದೆಯ ಮೇಲೆ, ಹಿತ್ತಾಳೆಯ ಪಟ್ಟಿಯಲ್ಲಿ, ಚುಚ್ಚಿಕೊಂಡು ಓಡಾಡಿದ್ದಳು.

ಮೇಷ್ಟ್ರು ಅವಳ ಮುಖ ನೋಡಬಾರದೆಂದು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಅವಳು ನೆನಪನ್ನು ಕೆದಕಿದಳು. ಹೆರಿಗೆ ಆಸ್ಪತ್ರೆಯ ಒಂದು ಸಾವು, ಹೌದು, ಇತ್ತು. ಇನ್ಸ್‌ಪೆಕ್ಟರ್ ಆದ ಹೊಸತು. ಮೇಲಿನವರು ತಾವೇ ನೋಡಿದ್ದೇವೆ, ಮುಗಿಸಿ ಎಂದಿದ್ದರು. ಮುಗಿಸಿದ್ದಳು. ಆದರೆ ಬೆಂಚಿನ ಮೇಲೆ ಕಾಲು ನಡುಗಿಸುತ್ತ ಕೂತ ಹೆಂಗಸು? ಕೊಟ್ಟ ನೀರು? ಎಷ್ಟೋ ಜನಕ್ಕೆ ಕುರ್ಚಿ ಕೊಟ್ಟಿದ್ದಳು, ಎಷ್ಟೋ ಜನಕ್ಕೆ ನಾಳೆ ಬನ್ನಿ ಎಂದಿದ್ದಳು. ಆ ಮುಖ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಈ ಮಗ್ಗುಲಿನ ಮೊದಲ ಸಲದ ಕರಡಿನಲ್ಲಿ ಹೆಸರು ನೆಟ್ಟಗೇ ಇತ್ತು," ಮೇಷ್ಟ್ರು ಕಿಟಕಿಗೇ ಹೇಳಿದರು. "ನಾನು ಓದಿ ಮಾಮನಿಗೆ ತೋರಿಸ್ದೆ. ಅವನು ಅವತ್ತೇ ಮೊಳೆ ತಿರುಗಿಸಿಟ್ಟ. ದಾದಿ ಬರೋವರೆಗೆ ನಿಮ್ಮ ಅತ್ತಿಗೆ ಕೇಳಬಾರದು ಅಂತ್ಲೇ ಅಚ್ಚಾಯ್ತು ಅಂದಿರಬೇಕು. ದಾದಿಗೆ ಹೇಳಿ ಕಳಿಸ್ದ, ಒಂದ್ಸಲ ಬಂದು ಹೋಗಿ, ಇದನ್ನ ತೆಗೀಬಹುದಾ ಮಾತಾಡೋಣ ಅಂತ. ಅವರು ಬಂದಿದ್ದು ಅದಕ್ಕೇ. ನಾನು ಕರೆಸಿದ್ದಕ್ಕೇ ಹೀಗಾಯ್ತು ಅಂತ ಅವನಿಗೆ ಸಂಕಟ."

"ನೀವು ಮೇಲಿದ್ರಾ ಆಗ?"

"ಮಲಗಿದ್ದೆ. ಏನೋ ಬಿದ್ದ ಸದ್ದಿಗೆ ಎಚ್ಚರಾಯ್ತು. ಕಿಟಕಿಗೆ ಬಂದು ನೋಡಿದ್ರೆ..."

"ನೋಡಿದ್ರೆ?"

"ಹಿಂದಿನ ಓಣೀಲಿ ನೀವು ಬಿರಬಿರನೆ ಹೋಗ್ತಿದ್ರಿ."

ಹೋಗಿದ್ದಳು, ನಿಜ. ಅತ್ತಿಗೆ ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಡಲು ಬಂದಿದ್ದಳು. ಅತ್ತಿಗೆ ತಮ್ಮ ಕುರ್ಚಿಯಲ್ಲಿರಲಿಲ್ಲ. ಮೇಜಿನ ಮೇಲಿಟ್ಟು, ಹಿಂದಿನ ಮೆಟ್ಟಿಲಿಳಿದು ಹೋಗಿದ್ದಳು. ಆಗ ಅಲ್ಲಿ ಯಾರೂ ಬಿದ್ದಿರಲಿಲ್ಲ. ಇದನ್ನೆಲ್ಲ ಪೊಲೀಸರಿಗೆ ಅವಳೇ ಹೇಳಿದ್ದಳು. ಅವರು ತಲೆಯಾಡಿಸಿ, ನಿಮ್ಮನ್ನ ಕೇಳೋದೇನಿದೆ ಮೇಡಂ ಎಂದಿದ್ದರು.

ಈಗ ಅವಳಿಗೆ ಎಲ್ಲ ಅರ್ಥವಾಗತೊಡಗಿತು. ಬೆನ್ನಿಗೆ ಬಂದ ದಿಂಬು. ಕೇಳದೆ ಬಂದ ಟೀ. ಅವಳು ಒಳಗೆ ಬಂದ ಕೂಡಲೇ ತಗ್ಗುತ್ತಿದ್ದ ಮಾತು. ಸಾವಿನ ಮನೆಯವರಿಗೆ ತೋರಿಸುವಂಥ ಕರುಣೆ.

"ನೀವೆಲ್ಲ... ನಾನೇ ತಳ್ಳಿದೆ ಅಂದ್ಕೊಂಡಿದ್ದೀರಾ?"

ಮೇಷ್ಟ್ರು ಕಿಟಕಿಯ ಚಿಲಕ ಹಾಕಿ ತೆಗೆದರು.

"ಮಾಮ ಬಾಯಿ ಬಿಡದೆ ಕೂತಿರೋದು ನನಗೋಸ್ಕರವಾ?"

"ನಿಮ್ಮ ಅತ್ತಿಗೆಗೋಸ್ಕರ. ಅವರ ಕಡೆಯವರು ಅಂತ ಉಳಿದಿರೋರು ನೀವೊಬ್ರೇ. ನಾನು ಸುಟ್ಟಿದ್ದೂ ಅದಕ್ಕೇ. ಪೊಲೀಸರು ಬರೋ ಮುಂಚೆ ಮಾಮ ಹೇಳಿದ್ದು ಒಂದೇ ಮಾತು. ನನಗೆ ವಯಸ್ಸಾಯ್ತು ಮೇಷ್ಟ್ರೇ, ಎಲ್ಲಿದ್ರೇನು."

"ನಾನು ತಳ್ಳಲಿಲ್ಲ!" ಅವಳ ಕೂಗಿಗೆ ಕಿಟಕಿಯ ಗಾಜು ಝೇಂಕರಿಸಿತು. "ಆ ಹೆಂಗಸನ್ನ ನಾನು ಅವತ್ತು ನೋಡಲೂ ಇಲ್ಲ. ಅವರು ಬರೆದಿರೋದು ನನಗೆ ಗೊತ್ತೇ ಇರಲಿಲ್ಲ. ಕೇಳಿಸ್ತಾ? ನಾನು ತಳ್ಳಲಿಲ್ಲ ಮೇಷ್ಟ್ರೇ!"

ಮೇಷ್ಟ್ರು ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಹೇಳಲಾಗದಷ್ಟು ದಯೆ ಇತ್ತು. ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದ ಮಗುವನ್ನು ಎಷ್ಟೋ ಸಲ ಅವರು ಹೀಗೆಯೇ ನೋಡಿರಬೇಕು.

"ಆಯ್ತಮ್ಮ," ಎಂದರು. "ಹಾಗೇ ಆಗ್ಲಿ."

ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವಳು ಮೊಳೆಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಈ ಕರಡನ್ನು ಪೊಲೀಸರ ಮುಂದಿಟ್ಟರೆ ಮಾಮನ ಮೇಲಿನ ಆರೋಪ ಮುರಿದುಬೀಳುತ್ತದೆ. ಮುರಿದು ನೇರ ಅವಳ ತಲೆಯ ಮೇಲೆ ಬೀಳುತ್ತದೆ. ಇಡದಿದ್ದರೆ ಬೆಳಗಾಗುವುದೇ ತಡ, ಮಾಮ ಜೈಲಿಗೆ.

ಒಂದೇ ದಾರಿ ಉಳಿದಿತ್ತು. ಮೇಲಿನವರ ಹಿಂದೆ ಯಾರಿದ್ದರೆಂದು ದಾದಿಗೆ ಗೊತ್ತಿತ್ತು. ಮುಂದಿನ ಪುಟದಲ್ಲಿ ಅದಿತ್ತು. ಆ ಪುಟಕ್ಕೆ ಅವಳಿಗಿಂತ ಹೆಚ್ಚು ಹೆದರಿದ ಯಾರೋ ಒಬ್ಬರು ಇದ್ದೇ ಇದ್ದಾರೆ.

"ಸರಿ. ನನ್ನನ್ನ ನಂಬಬೇಡಿ," ಅವಳು ಧ್ವನಿಯನ್ನು ಹಿಡಿತಕ್ಕೆ ತಂದುಕೊಂಡಳು. "ಇಷ್ಟು ಹೇಳಿ ಸಾಕು. 'ತಿಳಿದದ್ದು ಹೀಗೆ' ಅಂತ ನಿಂತಿದೆಯಲ್ಲ, ಅದರ ಮುಂದಿನ ಪುಟದಲ್ಲಿ ಏನಿತ್ತು?"

"ಅದು ಮೊದಲನೇ ಮಗ್ಗುಲಿಂದು."

"ಗೊತ್ತು. ಏನಿತ್ತು?"

"ನಾನು ಓದಿಲ್ಲ."

"ಮೇಷ್ಟ್ರೇ, ಮತ್ತೆ ಶುರು ಮಾಡಬೇಡಿ."

"ಸತ್ಯವಾಗ್ಲೂ ಓದಿಲ್ಲ ಅಮ್ಮ. ಆ ಮಗ್ಗುಲಿನ ಕರಡು ನನ್ನ ಕೈಗೆ ಬರಲೇ ಇಲ್ಲ. ಸುಡೋವಾಗ್ಲೂ ನೋಡಬಾರದು ಅಂತ ಕಣ್ಣು ಮುಚ್ಕೊಂಡೇ ಹಾಕಿದೆ. ಹಸ್ತಪ್ರತಿನೂ ಸುಡೋಣ ಅಂತ ಹುಡುಕಿದೆ, ಕಪಾಟಲ್ಲಿ ಇರಲೇ ಇಲ್ಲ. ಯಾರೋ ಮೊದಲೇ ತೆಗೆದಿದ್ರು."

"ಕರಡು ನಿಮ್ಮ ಕೈಗೆ ಬರದೆ ಇನ್ಯಾರ ಕೈಗೆ ಹೋಯ್ತು? ಇಲ್ಲಿ ಕರಡು ನೋಡೋರು ನೀವೊಬ್ರೇ ತಾನೆ?"

ಮೇಷ್ಟ್ರು ಕಣ್ಣೊರೆಸಿಕೊಂಡರು. ಇದನ್ನು ಹೇಳುವುದರಲ್ಲಿ ಯಾರಿಗೂ ತೊಂದರೆಯಿಲ್ಲ ಎನ್ನುವಂತೆ, ಬೆಚ್ಚಗಿನ ದನಿಯಲ್ಲಿ ಹೇಳಿದರು.

"ನಿಮ್ಮ ಅತ್ತಿಗೆನೇ ತೊಗೊಂಡು ಹೋದ್ರು. ನಿಮ್ಮ ಕಣ್ಣಿಗೆ ಸುಸ್ತಾಗಿದೆ ಮೇಷ್ಟ್ರೇ, ಇದೊಂದು ನಾನೇ ನೋಡ್ತೀನಿ ಅಂದ್ರು. ಎಷ್ಟು ಒಳ್ಳೆ ಮನಸ್ಸು ನೋಡಿ."

ಹಜಾರದಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

ಅವಳು ಎರಡು ಸಲ ಹೊಡೆದುಕೊಳ್ಳಲು ಬಿಟ್ಟಳು. ಆಮೇಲೆ ನಡೆದು ಹೋಗಿ, ಮೊಳೆಗಳಿದ್ದ ಮುಷ್ಟಿಯನ್ನು ಬಿಚ್ಚದೆ, ಎಡಗೈಯಲ್ಲಿ ರಿಸೀವರ್ ಎತ್ತಿದಳು.

"ಪುಟ್ಟಿ?" ಅತ್ತಿಗೆ ಬಿಕ್ಕುತ್ತಿದ್ದರು. "ಠಾಣೆಯಿಂದ ಮಾತಾಡ್ತಿದ್ದೀನಿ. ಮಾಮ ಒಪ್ಪಿಕೊಂಡುಬಿಟ್ಟ ಕಣೆ. ಊಟ ಮುಟ್ಟಲಿಲ್ಲ. ನಾನೇ ತಳ್ಳಿದ್ದು ಅಂತ ಎಲ್ಲರ ಮುಂದೆ ಹೇಳಿ ರುಜು ಹಾಕಿಬಿಟ್ಟ."

ಅವಳು ಮೊಳೆಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಕೇಳಿಸ್ತಿದೆಯಾ? ಇನ್ನು ಹುಡುಕೋಕೆ ಏನೂ ಉಳಿದಿಲ್ಲ. ಎರಡು ದಿನದಿಂದ ನೀನೂ ಸರಿಯಾಗಿ ಕಣ್ಣು ಮುಚ್ಚಿಲ್ಲ, ಸಾಕು." ಬಿಕ್ಕು ನಿಂತಿತು. ಅತ್ತಿಗೆಯ ದನಿ ಎಂದಿನಂತೆ ಮೃದುವಾಯಿತು. "ಅಲ್ಲಿ ದಾರದ ಮೇಲೆ ಹಾಕಿದ್ವಲ್ಲ, ಆ ಕರಡು ಒಣಗಿರುತ್ತೆ. ಬರುವಾಗ ಹಿತ್ತಲಿನ ಡಬ್ಬಕ್ಕೆ ಹಾಕಿ ಒಂದು ಕಡ್ಡಿ ಗೀರಿಬಿಡು. ಬೇಗ ಬಾ, ನಿನಗೆ ಊಟ ಬಿಸಿಯಾಗಿ ಇಟ್ಟಿರ್ತೀನಿ."